ದ್ವೀಪ ತೋರಿಸಿದವನು

ಶಿಷ್ಯ ಕೇಳಿದ: "ಗುರುಗಳೇ, ದ್ವೀಪಕ್ಕೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದೇನೆ. ಇರುವುದು ನಾಲ್ಕೇ ದಿನ. ಪಟ್ಟಣದಲ್ಲಿ ಹಾಡು, ನೃತ್ಯ, ಚಿತ್ರಶಾಲೆ. ಅದರಾಚೆ ದಟ್ಟ ಕಾಡು, ಜಲಪಾತ. ಒಂದನ್ನು ಹಿಡಿದರೆ ಇನ್ನೊಂದು ಕೈತಪ್ಪುತ್ತದೆ. ಯೋಚಿಸಿ ಯೋಚಿಸಿ ಊಟವೂ ಸೇರುತ್ತಿಲ್ಲ. ದಿನಗಳನ್ನು ಹೇಗೆ ಹಂಚಲಿ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಧಾನ್ಯದ ವ್ಯಾಪಾರಿಯಿದ್ದ. ಅವನ ಹೆಂಡತಿಯ ಕಣ್ಣು ಮಂಜಾಗುತ್ತಿತ್ತು. ದೀಪಾವಳಿಯ ಹೊತ್ತಿಗೆ ದೃಷ್ಟಿ ಪೂರ್ತಿ ಹೋಗುತ್ತದೆ ಎಂದು ವೈದ್ಯರು ಕೈಚೆಲ್ಲಿದರು. ಅಷ್ಟರೊಳಗೆ ಅವಳಿಗೆ ಜಗತ್ತಿನ ಚೆಲುವನ್ನೆಲ್ಲ ತೋರಿಸಿಬಿಡಬೇಕೆಂದು ಗಂಡ ಹೊರಟ. ಪಟ್ಟಣವೂ ಕಾಡೂ ಒಂದೇ ಕಡೆ ಇದ್ದ ದ್ವೀಪವನ್ನು ಆರಿಸಿದ. ಅವರನ್ನು ಅಲ್ಲಿ ಬಿಟ್ಟು ಹೋದ ದೋಣಿ ಮತ್ತೆ ನಾಲ್ಕನೆಯ ದಿನ ಬರುವುದಿತ್ತು. ಅದು ತಪ್ಪಿದರೆ ಮಳೆಗಾಲವೆಲ್ಲ ಅಲ್ಲೇ. ದೋಣಿಯವನನ್ನು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡರೂ ಅವನ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಗುತ್ತಿತ್ತು.

ಚೀಲಕ್ಕೆ ಕೈಹಾಕಿ, ಒಂದು ಹಿಡಿ ಕಾಳು ತೆಗೆದು, ಇಡೀ ಚೀಲದ ಗುಣ ಹೇಳುವುದು ಅವನ ಕಸುಬು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಲದೇ? ನೋಟಕ್ಕೂ ಅದೇ ಕ್ರಮ ಹಿಡಿದ. ಎಲ್ಲವನ್ನೂ ಒಂದೊಂದು ಹಿಡಿ ತೋರಿಸುವುದು, ಯಾವುದನ್ನೂ ಬಿಡದಿರುವುದು.

ಮೊದಲು ನೃತ್ಯಕ್ಕೆ ಹೋದರು. ಮಂಗಳ ಹಾಡುವ ಮುಂಚೆ ಸಭೆಯಿಂದ ಏಳುವುದು ಅಲ್ಲಿ ದೊಡ್ಡ ಅಪಚಾರ. ಯಾರ ಕಣ್ಣಿಗೂ ಬೀಳದಂತೆ ನಡುವೆಯೇ ಹೊರಗೆ ನುಸುಳಬೇಕಲ್ಲ, ವ್ಯಾಪಾರಿ ಹೆಂಡತಿಯನ್ನು ಬಾಗಿಲ ಪಕ್ಕದ ಕಂಬದ ಮರೆಯಲ್ಲಿ ಕೂರಿಸಿದ. ಅವಳಿಗೆ ಕಂಬ ಚೆನ್ನಾಗಿ ಕಂಡಿತು.

ಮರುದಿನ ಕಾಡು. "ಬೇರು ಇದೆ, ಕೆಳಗೆ ನೋಡಿಕೊಂಡು ನಡೆ. ಜಲಪಾತ ಇನ್ನೂ ದೂರ" ಎಂದು ದಾರಿಯುದ್ದಕ್ಕೂ ಅವಸರಪಡಿಸಿದ. ಎಲ್ಲೋ ಒಂದು ಹಕ್ಕಿ ಕೂಗಿತು. ಅವಳು ನಿಂತಳು.

"ಒಂದು ಗಳಿಗೆ ಇಲ್ಲೇ ಕೂರೋಣವೇ?" ಎಂದಳು.

"ಕೂತರೆ ಕೆಟ್ಟೆವು" ಎಂದ ಅವನು.

ಪಾಪ, ಕೆಟ್ಟವನಲ್ಲ. ಪ್ರೀತಿಯೇನೋ ಬೆಟ್ಟದಷ್ಟಿತ್ತು. ಅದರೊಳಗೆ ಭಯ ಹೊಕ್ಕಿತ್ತು, ಭಯಕ್ಕೆ ಕಿವಿಯಿಲ್ಲ.

ನಾಲ್ಕನೆಯ ದಿನ ದೋಣಿ ಹತ್ತಿದರು. ನೋಡಬೇಕೆಂದದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಮನೆ ಬಿಟ್ಟ ಮೇಲೆ ಮೊದಲ ಬಾರಿ ವ್ಯಾಪಾರಿ ನೆಮ್ಮದಿಯಿಂದ ಉಸಿರು ಬಿಟ್ಟ. "ಎಲ್ಲ ತೋರಿಸಿದೆನಲ್ಲ, ನಿನ್ನ ಕಣ್ಣಲ್ಲಿ ಯಾವುದು ಉಳಿಯಿತು?" ಎಂದು ಕೇಳಿದ.

ಹೆಂಡತಿ ಅವನ ಕೆನ್ನೆ ಮುಟ್ಟಿದಳು. "ನಿಮ್ಮ ಮುಖ. ನಾನು ಅದನ್ನೇ ನೋಡುತ್ತಿದ್ದೆ. ನಾಲ್ಕು ದಿನವೂ ಅದು ಹೆದರಿಕೊಂಡೇ ಇತ್ತು. ಕಣ್ಣು ಹೋದ ಮೇಲೆ ನನಗೆ ನೆನಪಿನ ಮುಖವೇ ಗತಿ. ಒಮ್ಮೆ ನಕ್ಕುಬಿಡಿ, ನೋಡಿಕೊಳ್ಳುತ್ತೇನೆ."

ವ್ಯಾಪಾರಿ ನಗಲು ನೋಡಿದ. ದೋಣಿ ದಡ ಮುಟ್ಟುವವರೆಗೂ ಅವನಿಗೆ ನಗು ಬರಲಿಲ್ಲ, ಅಳು ಬಂತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಬೆರಳು ಮಡಿಸಿ ದಿನಗಳನ್ನು ಎಣಿಸಿದ. ಆಮೇಲೆ ಕೇಳಿದ: "ಹಾಗಾದರೆ ಪಟ್ಟಣಕ್ಕೆ ಒಂದೇ ದಿನ ಇಟ್ಟು, ಕಾಡಿಗೆ ಮೂರು ದಿನ ಕೊಡಲೇ?"

ಗುರುಗಳು ಅವನನ್ನೇ ನೋಡುತ್ತ ಹೇಳಿದರು: "ಮಗೂ, ಕರೆದುಕೊಂಡು ಹೋಗುವುದು ಯಾರನ್ನು ಎಂದು ನೀನು ಈವರೆಗೂ ಹೇಳಲೇ ಇಲ್ಲ."