ಸ್ಟ್ಯಾಂಡಿನ ಕಾಲೂ ಲಗ್ನಪತ್ರಿಕೆಯೂ

ಮೀನಿನ ಗಾಜಿನ ತೊಟ್ಟಿಗೆಂದು ಅಳತೆ ಕೊಟ್ಟು ಮಾಡಿಸಿದ ಸ್ಟ್ಯಾಂಡಿನ ಒಂದು ಕಾಲು ಕೊಂಚ ಗಿಡ್ಡವಾಯಿತು. ಬಡಗಿ ಅದರಡಿಗೆ ಹಳೆಯ ಲಗ್ನಪತ್ರಿಕೆಯೊಂದನ್ನು ಮಡಚಿಟ್ಟ. ತೊಟ್ಟಿಗೆ ನೀರು ತುಂಬಿ ಮೀನು ಬಿಡುವಾಗ ನೀರು ತುಳುಕಿ ಪತ್ರಿಕೆ ನೆನೆಯಿತು.

"ನೀನು ಮೆತ್ತಗಾಗುತ್ತಿದ್ದೀಯ. ಮೇಲೆ ಮೀನಿದೆ," ಎಂದಿತು ಕಾಲು. "ಬಡಗಿ ಇನ್ನೂ ಇಲ್ಲೇ ಇದ್ದಾನೆ. ನಾನೊಮ್ಮೆ ಕಿರುಗುಟ್ಟಿದರೆ ಮರದ ಬೆಣೆ ಹಾಕುತ್ತಾನೆ."

"ಬೇಡ ಮಾರಾಯ. ರದ್ದಿಯಿಂದ ಎತ್ತಿ ಇಷ್ಟು ದೊಡ್ಡ ಕೆಲಸ ಕೊಟ್ಟಿದ್ದಾರೆ. ಮೊದಲ ದಿನವೇ ನನ್ನ ಮಾನ ಕಳೆಯಬೇಡ."

ಪಾಪ, ನೊಂದುಕೊಂಡೀತು ಎಂದು ಕಾಲು ಸುಮ್ಮನಾಯಿತು. ಬಡಗಿ ಹೊರಟುಹೋದ.

ಸಂಜೆಗೆ ಪತ್ರಿಕೆ ಮುದ್ದೆಯಾಗಿ ತೊಟ್ಟಿ ವಾಲಿತು, ಗಾಜು ಒಡೆಯಿತು. ನೆಲಕ್ಕೆ ಬಿದ್ದ ಮೀನು, "ನಿನಗೆ ಮೊದಲೇ ಗೊತ್ತಿತ್ತಾ?" ಎಂದು ಕಾಲನ್ನು ಕೇಳಿತು.

"ಗೊತ್ತಿತ್ತು. ಆದರೆ ಹೇಳಿದ್ದರೆ ಪತ್ರಿಕೆಗೆ ಬೇಜಾರಾಗುತ್ತಿತ್ತಲ್ಲ."

ಮೀನಿನ ಬಾಯಿ ಆಡುವುದು ನಿಂತ ಮೇಲೂ ಕಾಲು ಸಮಜಾಯಿಷಿ ಕೊಡುತ್ತಲೇ ಇತ್ತು.