ಮಾರ್ತವ್ವ ಮೆಟ್ಟಿಲ ಮೇಲೆ ಕುಳಿತ ಭಾನುವಾರ

"ಅಯ್ಯನವರೇ, ಸಭೆಯವರೆಲ್ಲ ಒಂದಾಗಿ ಒಬ್ಬರನ್ನು ಬೇಡ ಎಂದರೆ ಸಭಾಪಾಲಕನಾದವನು ಏನು ಮಾಡಬೇಕು?" ಎಂದು ಶಿಷ್ಯ ಕೇಳಿದ. ಪಾದ್ರಿಯಾಗುವ ಅವನ ಓದು ಮುಗಿದಿತ್ತು. ಮುಂದಿನ ವಾರ ಅವನು ತನ್ನ ಮೊದಲ ಸಭೆಯ ಹೊಣೆ ಹೊರಲು ಹೊರಡುವವನಿದ್ದ.

ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಯೆಶಾಯಪ್ಪ ಎಂಬ ನೇಕಾರನಿದ್ದ. ಅಲ್ಲಿನ ಸಭೆಯ ಹಿರಿಯರಲ್ಲಿ ಒಬ್ಬ. ಹೆಂಡತಿ ಮಾರ್ತವ್ವ. ಅವರಿಗೆ ಒಂದೇ ಕೂಸು. ಗಂಡೆಂದು ತಿಳಿದು, ಗಂಡಿನ ಹೆಸರಿಟ್ಟು ದೀಕ್ಷಾಸ್ನಾನ ಮಾಡಿಸಿದರು. ಆ ಹೆಸರನ್ನು ನಾನು ಹೇಳುವುದಿಲ್ಲ. ಅದು ಈಗ ಯಾರದ್ದೂ ಅಲ್ಲ.

ಆ ಚರ್ಚಿನಲ್ಲಿ ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ ಕೂರುತ್ತಿದ್ದರು. ಕೂಸು ಪ್ರತಿ ವಾರ ತಾಯಿಯ ಪಕ್ಕಕ್ಕೆ ಓಡುತ್ತಿತ್ತು. ಪ್ರತಿ ವಾರ ತಂದೆ ತೋಳು ಹಿಡಿದು ಎಳೆತಂದು ಎಡಗಡೆ ಕೂರಿಸುತ್ತಿದ್ದ. ಹತ್ತೊಂಬತ್ತನೆಯ ವರ್ಷದಲ್ಲಿ ಆ ಮಗು ತಂದೆಯ ಮಗ್ಗದ ಮುಂದೆ ನಿಂತು, ತಾನು ಗಂಡಲ್ಲ, ತಿಳಿವಳಿಕೆ ಬಂದಾಗಿನಿಂದ ತಾನು ಹೆಣ್ಣೇ ಎಂದು ಹೇಳಿದಳು. ಯೆಶಾಯಪ್ಪ ಮಗ್ಗ ನಿಲ್ಲಿಸಲಿಲ್ಲ.

"ನನಗಿದ್ದಾವ ಒಬ್ಬ ಮಗ. ಆ ಮಗ ಅಲ್ಲ ಅಂದ್ರ ನೀ ಯಾರೋ" ಎಂದ.

ಅವಳು ಆ ದಿನವೇ ಊರು ಬಿಟ್ಟಳು. ದೂರದ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆ ಮಾಡುತ್ತ ಎಂಟು ವರ್ಷ ಬದುಕಿದಳು. ತನಗೆ ತಾನೇ ನಿರೀಕ್ಷಾ ಎಂದು ಹೆಸರಿಟ್ಟುಕೊಂಡಳು. ಪ್ರಾರ್ಥನೆಯನ್ನು ಮಾತ್ರ ಬಿಡಲಿಲ್ಲ.

ಎಂಟನೆಯ ವರ್ಷ ಮಾರ್ತವ್ವನಿಗೆ ಲಕ್ವ ಹೊಡೆಯಿತು. ಸುದ್ದಿ ತಿಳಿದು ನಿರೀಕ್ಷಾ ಬಂದಳು. ಯೆಶಾಯಪ್ಪ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಮಾತೂ ಆಡಲಿಲ್ಲ. ಅವಳು ತಾಯಿಯನ್ನು ಎತ್ತಿ ಕೂರಿಸಿದಳು, ಮೈ ತೊಳೆದಳು, ಗಂಜಿ ಕುಡಿಸಿದಳು, ಸತ್ತಂತಿದ್ದ ಕೈಕಾಲುಗಳನ್ನು ದಿನವೂ ತಿಕ್ಕಿದಳು.

ಮೊದಲ ಭಾನುವಾರ ಸೀರೆಯುಟ್ಟು ಚರ್ಚಿಗೆ ಹೋದಳು. ಬಲಗಡೆ ಮೊದಲ ಬೆಂಚಿನಲ್ಲಿದ್ದ ಮುದುಕಿಯೊಬ್ಬಳು ಅವಳನ್ನು ಕಂಡೊಡನೆ ಸೆರಗು ಹರವಿ ಜಾಗ ಮುಚ್ಚಿದಳು. ಉಳಿದ ಹೆಂಗಸರೂ ಹಾಗೆಯೇ ಮಾಡಿದರು. ಗಂಡಸರು ಮುಖ ತಿರುಗಿಸಿದರು. ನಿರೀಕ್ಷಾ ಹೊರಗೆ ಬಂದು ಬಾಗಿಲ ಬಳಿ ನಿಂತಳು. ಒಳಗೆ ಹಾಡಿದ ಕೀರ್ತನೆಗಳನ್ನು ಅಲ್ಲಿಂದಲೇ ಹಾಡಿದಳು.

ಆ ವಾರ ಸಭೆಯ ಕಮಿಟಿ ಸೇರಿತು. ಅವಳು ಹೊರಗೆ ನಿಂತು ವಾಕ್ಯ ಕೇಳಬಹುದು, ಯೇಸುವಿನ ನೆನಪಿಗೆ ಎಲ್ಲರೂ ಹಂಚಿ ತಿನ್ನುವ ಕರ್ತನ ಭೋಜನದ ರೊಟ್ಟಿಯನ್ನು ಮಾತ್ರ ಕೊಡಬಾರದು ಎಂದು ತೀರ್ಮಾನವಾಯಿತು. ಎಲ್ಲರೂ ಕೈ ಎತ್ತಿದರು. ಯೆಶಾಯಪ್ಪನೂ ಎತ್ತಿದ. ಇದನ್ನು ಮಾರ್ತವ್ವನಿಗೆ ಯಾರೂ ಹೇಳಲಿಲ್ಲ. ಮಗಳೂ ಹೇಳಲಿಲ್ಲ.

ಐದು ತಿಂಗಳು ನಿರೀಕ್ಷಾ ಹೊರಗೇ ನಿಂತಳು. ಒಂದು ವಾರವೂ ತಪ್ಪಿಸಲಿಲ್ಲ.

ಆರನೆಯ ತಿಂಗಳಿಗೆ ಮಾರ್ತವ್ವ ಎದ್ದು ನಡೆದಳು. ಕರ್ತನ ಭೋಜನದ ಭಾನುವಾರ ಒಂದು ಕೈಯಲ್ಲಿ ಕೋಲು ಹಿಡಿದು, ಇನ್ನೊಂದು ಕೈಯನ್ನು ಮಗಳ ಹೆಗಲ ಮೇಲಿಟ್ಟು ಚರ್ಚಿಗೆ ಬಂದಳು. ಮೆಟ್ಟಿಲ ಬಳಿ ಮಗಳು ನಿಂತುಬಿಟ್ಟಳು.

"ಯಾಕ ನಿಂತಿ?"

"ನನ್ನ ಜಾಗಾ ಇಲ್ಲೇ, ಅವ್ವಾ. ನೀ ಒಳಗ ಹೋಗು."

ಮಾರ್ತವ್ವ ಮಗಳ ಮುಖ ನೋಡಿದಳು. ಮೆಟ್ಟಿಲ ಮೇಲೆ ಕುಳಿತಳು. ರೊಟ್ಟಿ ಹಂಚುವ ಹೊತ್ತಿಗೆ ಹಿರಿಯನೊಬ್ಬ ಅವಳನ್ನು ಮಾತ್ರ ಒಳಗೆ ಕರೆಯಲು ಬಂದ. ಅವಳು ಒಳಗಿದ್ದವರಿಗೆಲ್ಲ ಕೇಳುವಂತೆ ಹೇಳಿದಳು:

"ನಾ ಬಿದ್ದಾಗ ನಿಮ್ಮೊಳಗ ಒಬ್ಬರಾದರೂ ಬಂದು ನನ್ನ ಮೈ ತೊಳದೀರೇನು? ತೊಳದಾಕಿ ಇಲ್ಲಿ ನಿಂತಾಳ. ಈಕಿಗೆ ಇಲ್ಲದ ರೊಟ್ಟಿ ನನಗ ಬ್ಯಾಡ."

ಒಳಗೆ ಹಾಡು ನಿಂತಿತು. ರೊಟ್ಟಿಯ ತಟ್ಟೆ ಆ ದಿನ ಯೆಶಾಯಪ್ಪನ ಕೈಯಲ್ಲಿತ್ತು. ಅವನು ತಟ್ಟೆಯೊಂದಿಗೆ ಬಾಗಿಲವರೆಗೆ ನಡೆದು ಬಂದ.

"ತಗೋ, ಮಗಳೇ" ಎಂದ. ಎಂಟು ವರ್ಷದ ಮೇಲೆ ಅವಳೊಂದಿಗೆ ಆಡಿದ ಮೊದಲ ಮಾತು ಅದು.

ನಿರೀಕ್ಷಾಳ ಕಣ್ಣು ತುಂಬಿತು. ಆದರೂ ಅವಳು ಕೈ ಚಾಚಲಿಲ್ಲ.

"ಒಳಗ ಕರದು ಕೊಡ್ರಿ, ಅಪ್ಪಾ. ಹೊಸ್ತಿಲದಾಗ ನಿಂತು ಇಸಗೊಳ್ಳಾಕ ನಾನು ಭಿಕ್ಷಾ ಬೇಡಾಕ ಬಂದಾಕಿ ಅಲ್ಲ. ಇದೇ ಸಭಾದಾಗ ದೀಕ್ಷಾಸ್ನಾನ ಆದಾಕಿ."

ಯೆಶಾಯಪ್ಪ ಸಭೆಯತ್ತ ತಿರುಗಿದ. "ಅವತ್ತು ನಾನೂ ಕೈ ಎತ್ತಿದ್ದೆ. ತಪ್ಪು ಮಾಡಿದೆ" ಎಂದ. "ಈಕಿ ನನ್ನ ಮಗಳು. ಇದಕ್ಕ ಯಾರು ಕೈ ಎತ್ತತೀರಿ?"

ಯಾರೂ ಕದಲಲಿಲ್ಲ. ಆಮೇಲೆ ಬಲಗಡೆಯ ಮೊದಲ ಬೆಂಚಿನ ಮುದುಕಿ ಸೆರಗು ಬಾಚಿಕೊಂಡು ಪಕ್ಕಕ್ಕೆ ಸರಿದಳು. "ಬಾರವ್ವಾ, ಇಲ್ಲಿ ಕೂಡು" ಎಂದಳು. ಅವಳ ಹಿಂದಿನ ಬೆಂಚಿನಲ್ಲಿ ಒಂದು ಕೈ ಎದ್ದಿತು. ಎಡಗಡೆ ಇನ್ನೊಂದು. ನೋಡನೋಡುತ್ತ ಕೈಗಳು ಎದ್ದವು. ಮೂರು ಮನೆಯವರು ಎದ್ದು ಹೊರಗೆ ಹೋದರು. ಮಾರ್ತವ್ವ ತನ್ನ ಕೋಲನ್ನು ಪಕ್ಕಕ್ಕೆಳೆದು ಅವರಿಗೆ ದಾರಿ ಬಿಟ್ಟಳು.

ತಾಯಿ ಮಗಳು ಒಳಗೆ ಬಂದರು. ಯೆಶಾಯಪ್ಪ ರೊಟ್ಟಿ ಕೊಟ್ಟ. ನಿರೀಕ್ಷಾ ತಿಂದಳು. ನಿಂತಿದ್ದ ಕೀರ್ತನೆಯನ್ನು, ನಿಂತ ಸಾಲಿನಿಂದಲೇ ಅವಳು ಎತ್ತಿಕೊಂಡಳು. ಐದು ತಿಂಗಳು ಗೋಡೆಯಾಚೆ ಕೇಳುತ್ತಿದ್ದ ದನಿಯನ್ನು ಸಭೆ ಮೊದಲ ಸಲ ತನ್ನ ನಡುವೆ ಕೇಳಿತು. ಒಬ್ಬೊಬ್ಬರಾಗಿ ಎಲ್ಲರೂ ಕೂಡಿಕೊಂಡರು. ಆ ದಿನ ಹಾಡಿದ ಹಾಗೆ ಆ ಸಭೆ ಹಿಂದೆಂದೂ ಹಾಡಿರಲಿಲ್ಲ. ಸಂತೆಗೆ ಹೊರಟವರು ಬುಟ್ಟಿ ಹೊತ್ತುಕೊಂಡೇ ಬೀದಿಯಲ್ಲಿ ನಿಂತು ಕೇಳಿದರು.

ಮರುವಾರ ಕಮಿಟಿ ತನ್ನ ತೀರ್ಮಾನವನ್ನು ಹೊಡೆದುಹಾಕಿತು. ಹೋದ ಮೂರು ಮನೆಯವರಲ್ಲಿ ಎರಡು ಮನೆಯವರು ಕ್ರಿಸ್ಮಸ್ಸಿನ ಹೊತ್ತಿಗೆ ಮರಳಿದರು, ಒಂದು ಮನೆಯವರು ಮರಳಲೇ ಇಲ್ಲ. ನಾಲ್ಕು ವರ್ಷದ ಮೇಲೆ ಯೆಶಾಯಪ್ಪ ತೀರಿಕೊಂಡಾಗ, ಸಭೆಯವರು ಅವನ ಸ್ಥಾನಕ್ಕೆ ನಿರೀಕ್ಷಾಳನ್ನೇ ಹಿರಿಯಳಾಗಿ ಆರಿಸಿದರು.

ಗುರುಗಳು ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು. ಆದರೆ ತಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲವೆಂದು ಅವನಿಗೆ ಅನಿಸಿತು.

"ಇಷ್ಟೆಲ್ಲ ನಡೆಯುವಾಗ ಆ ಸಭೆಯ ಪಾಲಕರು ಏನು ಮಾಡಿದರು, ಅಯ್ಯನವರೇ?"

"ರೊಟ್ಟಿಯ ಮೇಜಿನ ಹಿಂದೆ ನಾನು ಸುಮ್ಮನೆ ನಿಂತಿದ್ದೆ, ಆದರೂ ಹಿರಿಯಳಾದ ಮೇಲೆ ನಿರೀಕ್ಷಾ ನನ್ನನ್ನು ಸಭೆಯಿಂದ ಹೊರಗೆ ಹಾಕಲಿಲ್ಲ" ಎಂದರು ಗುರುಗಳು.