ಚಿನ್ನಾಜಿ ಮಲಗೋ ತನಕ ಚಾಪೆ ಬಿಚ್ಚದ ಕೋಟೆ

ಒಂದಾನೊಂದು ಕಾಲದಲ್ಲಿ, ಅಂದ್ರೆ ಕತ್ತಲಾದ್ರೆ ಜನ ಮಲಗ್ತಿದ್ದ ಕಾಲದಲ್ಲಿ, ನಿನ್ನ ಹಾಗೆ ಅಜ್ಜಿ ಹೊಟ್ಟೆ ಮೇಲೆ ಕಾಲು ಹೇರಿಕೊಂಡು ಸೂರಿನ ತೊಲೆ ನೋಡ್ತಾ ಬಿದ್ದಿರದ ಕಾಲದಲ್ಲಿ, ಕಣಗಲಕೋಟೆ ಅಂತ ಒಂದು ಊರಿತ್ತಂತೆ. ಕಾಲು ತೆಗಿಯೋ ಕೆಂಪಾ. ಆಂ, ಹಾಗೆ. ಆ ಕೋಟೆಗೆ ಬೊಮ್ಮಣ್ಣ ನಾಯಕ ಅಂತ ಪಾಳೇಗಾರ ದೊರೆ, ಅವನ ಹೆಂಡತಿ ಗೌರಮ್ಮ ನಾಗತಿ, ಅವರಿಗೆ ಮೂರು ಜನ ಹೆಣ್ಣುಮಕ್ಕಳಂತೆ. ದೊಡ್ಡವಳು ಬಾಯಲ್ಲಿ ತುತ್ತಿಟ್ಕೊಂಡೇ ನಿದ್ದೆ ಹೋಗ್ತಿದ್ಲಂತೆ. ಎರಡನೆಯವಳು ದೀಪ ಹಚ್ಚೋದೇ ತಡ, ಕೂತಲ್ಲೇ ಒರಗಿಬಿಡ್ತಿದ್ಲಂತೆ, ಪಕ್ಕದಲ್ಲಿ ಆನೆ ಕಟ್ಟಿದ್ರೂ ಏಳ್ತಿರಲಿಲ್ವಂತೆ. ಮೂರನೆಯವಳು ಚಿನ್ನಾಜಿ. ಅವಳದೇ ಕತೆ ಇದು.

ಮೊದಲು ಆ ಊರಿನ ಕಟ್ಟಳೆ ಕೇಳು. ಅರಮನೆಯ ಕೊನೇ ಕೂಸು ಕಣ್ಣು ಮುಚ್ಚೋ ತನಕ ಕೋಟೆಯೊಳಗೆ ಯಾರೂ ಚಾಪೆ ಬಿಚ್ಚೋ ಹಾಗಿಲ್ಲವಂತೆ. ಯಾಕೆ ಅಂದ್ರೆ, ಅವರ ಮುತ್ತಾತನ ಕಾಲದಲ್ಲಿ ಒಂದು ರಾತ್ರಿ ಅರಮನೆ ಕೂಸು ಅಳ್ತಿದೆ ಅಂತ ಊರೆಲ್ಲ ಎದ್ದಿತ್ತಂತೆ, ಅದೇ ರಾತ್ರಿ ವೈರಿಗಳು ಗೋಡೆಗೆ ಏಣಿ ಹಾಕಿದ್ರಂತೆ, ಎದ್ದಿದ್ದ ಜನ ಬಿಸಿ ಗಂಜಿ ಸುರಿದು ಓಡಿಸಿದ್ರಂತೆ. ಅವತ್ತಿಂದ ಅದೇ ದೊಡ್ಡ ಜಂಬ ಅವರಿಗೆ. ಕೂಸು ಮಲಗಿತು ಅಂದ್ರೆ ಅದರ ಕೋಣೆಯ ದೀಪ ಆರಿಸೋದು, ದೀಪ ಆರಿದ್ದು ನೋಡಿ ಬುರುಜಿನ ಮೇಲಿಂದ ಕಾಳ ಅನ್ನೋನು ಕೊಂಬು ಊದೋದು, ಕೊಂಬು ಕೇಳಿದ ಮೇಲೆ ಊರು ಮಲಗೋದು. ಕೂಸು ಮತ್ತೆ ಎದ್ರೆ ಊರೂ ಏಳೋದು, ಚಾಪೆ ಸುತ್ತೋದು.

ಏನು? ಕೊಂಬು ಎಷ್ಟುದ್ದ ಅಂತಲಾ? ಕಾಳನಿಗಿಂತ ಒಂದು ಗೇಣು ಉದ್ದ. ಕೇಳು ಮುಂದೆ.

ಎಲ್ಲಾ ಮಕ್ಕಳ ಕಾಲದಲ್ಲೂ ಈ ಕಟ್ಟಳೆ ನೆಟ್ಟಗೆ ನಡೀತಂತೆ. ಚಿನ್ನಾಜಿ ಹುಟ್ಟಿದ ಮೇಲೆ ಕೆಟ್ಟಿತು. ಆ ಹುಡುಗಿ ಬೇರೆ ಥರ. ಕರೆದ್ರೆ ತಿರುಗಿ ನೋಡ್ತಿರಲಿಲ್ಲ, ಯಾರ ಮುಖವನ್ನೂ ದಿಟ್ಟಿಸ್ತಿರಲಿಲ್ಲ, ಹುಣಸೇಬೀಜ ಸಾಲಾಗಿ ಜೋಡಿಸ್ತಾ ಕೂತ್ರೆ ಮಧ್ಯಾಹ್ನದ ಊಟ ಸಂಜೆಗೆ ಹೋಗ್ತಿತ್ತು, ಒಂದು ಬೀಜ ಯಾರಾದ್ರೂ ಸರಿಸಿದ್ರೆ ಅರಮನೆ ಹಾರಿಹೋಗೋ ಹಾಗೆ ಕಿರುಚ್ತಿದ್ಲಂತೆ. ಈಗ ಅದಕ್ಕೆ ಆಟಿಸಂ ಅಂತ ಹೆಸರಿದೆ, ನಿಮ್ಮಮ್ಮ ನಿನ್ನ ಕರ್ಕೊಂಡು ದೊಡ್ಡ ಆಸ್ಪತ್ರೆಗೆ ಹೋದಾಗ ಡಾಕ್ಟರು ಹೇಳಿದ್ರಲ್ಲ, ಅದೇ. ಆಗ ಯಾರಿಗೂ ಆ ಹೆಸರು ಗೊತ್ತಿರಲಿಲ್ಲ, ಅವಳನ್ನ ಚಿನ್ನಾಜಿ ಅಂತಲೇ ಕರೀತಿದ್ರು. ರಾತ್ರಿ ಆದ್ರೆ ಅವಳು ಹಜಾರದ ಕಂಬ ಒಂದೊಂದನ್ನೂ ಮುಟ್ಟಿ ಸುತ್ತು ಬರ್ತಿದ್ಲಂತೆ, ತನ್ನಷ್ಟಕ್ಕೆ ನಗ್ತಿದ್ಲಂತೆ. ಎಷ್ಟೋ ಹೊತ್ತಿನ ಮೇಲೆ ಅಪ್ಪಿತಪ್ಪಿ ಕಣ್ಣು ಮುಚ್ಚಿದ್ಲು ಅನ್ನು, ದೀಪ ಆರಿಸ್ತಿದ್ರು, ಕಾಳ ಎದೆ ತುಂಬ ಉಸಿರೆಳ್ಕೊಂಡು ಭೋಂ ಅಂತ ಊದ್ತಿದ್ದ, ಆ ಹುಡುಗಿ ಎರಡೂ ಕಿವಿ ಮುಚ್ಕೊಂಡು ಚಂಗನೆ ಎದ್ದು ಕೂರ್ತಿದ್ಲು, ಊರು ಬಿಚ್ಚಿದ ಚಾಪೆ ಮತ್ತೆ ಸುತ್ತಿಡ್ತಿತ್ತು.

ನೋಡು, ನಿನಗೆ ನಗು ಬಂತು. ಆ ಕೋಟೆಯ ದೊಡ್ಡ ತಲೆಗಳಿಗೆ ಬರಲಿಲ್ಲ. ಕೊಂಬಿನಿಂದ ಏಳ್ತಾಳೆ ಅಂತ ಒಬ್ಬರಿಗಾದ್ರೂ ಹೊಳೀಲಿಲ್ಲ. ಯಾಕೆ ಅಂದ್ರೆ ಅವರ ಲೆಕ್ಕದಲ್ಲಿ ಕೊಂಬು ಊದೋದೇ ಮಲಗೋಕೆ. ಆ ಸದ್ದು ಕಿವಿಗೆ ಬಿದ್ರೆ ಅವರಪ್ಪ ಅವರಜ್ಜ ಎಲ್ಲರಿಗೂ ಆಕಳಿಕೆ ಬರ್ತಿತ್ತು, ಮಗುವಿಗೆ ಎಚ್ಚರ ಹೇಗೆ ಆಗುತ್ತೆ? ಅಂಥಾ ಬುದ್ಧಿವಂತರು.

ಆಮೇಲೆ ಕೋಟೆಯ ಗತಿ ಕೇಳಬೇಡ. ಅಗಸ ದೊರೆಯ ಪಂಚೆಯನ್ನ ಕತ್ತೆಗೆ ಹೊದಿಸಿ ಕತ್ತೆಯ ಗೋಣಿಯನ್ನ ಅರಮನೆಗೆ ತಂದ್ಕೊಟ್ನಂತೆ. ಕ್ಷೌರದವನು ಮಂತ್ರಿಯ ಒಂದು ಕಡೆ ಮೀಸೆ ತೆಗೆದು ಕತ್ತಿ ಹಿಡ್ಕೊಂಡೇ ತೂಕಡಿಸಿದ್ನಂತೆ. ಗಂಡಹೆಂಡಿರ ಜಗಳ ಬೀದಿಗೆ ಬಂತಂತೆ. ಎಲ್ಲರ ಕಣ್ಣೂ ಕೆಂಡ, ಎಲ್ಲರ ಬಾಯಲ್ಲೂ ಬೈಗುಳ. ಮಲಗೇ ನಮ್ಮಮ್ಮಾ ಮಲಗೇ ಅಂತ ಅರಮನೆ ಮುಂದೆ ಜನ ನಿಂತು ಕೂಗೋರಂತೆ. ಕೂಗಿದ್ರೆ ಯಾರಾದ್ರೂ ಮಲಗ್ತಾರಾ?

ದೊರೆ ಡಂಗುರ ಸಾರಿಸಿದ. ಮಗಳನ್ನ ಮಲಗಿಸಿದವರಿಗೆ ಕೇಳಿದ್ದು ಕೊಡ್ತೀನಿ ಅಂದ. ಮೊದಲು ಒಬ್ಬ ಪಂಡಿತ ಬಂದ. ನಾನು ತಲೆಗೆ ಎಣ್ಣೆ ಒತ್ತಿದ್ರೆ ಕಲ್ಲಿನ ಕಂಬವೂ ಆಕಳಿಸುತ್ತೆ ಬುದ್ಧೀ ಅಂತ ಕೊಚ್ಚಿಕೊಂಡ್ನಂತೆ. ಆ ಹುಡುಗಿಗೆ ತಲೆಗೆ ಎಣ್ಣೆ ಸೋಕಿದ್ರೆ ಮೈಮೇಲೆ ಕಂಬಳಿಹುಳ ಬಿಟ್ಟ ಹಾಗಾಗುತ್ತೆ. ನಾಗತಿ ಬೇಡ ಅಂದ್ಲು, ಯಾರು ಕೇಳ್ತಾರೆ? ಒಂದು ಬೊಗಸೆ ಸುರಿದ. ಆಮೇಲೆ ಪಂಡಿತ ಹೆಬ್ಬೆಟ್ಟು ಬಾಯಲ್ಲಿಟ್ಕೊಂಡು ಕೋಟೆ ಬಾಗಿಲು ದಾಟಿ ಓಡ್ತಿದ್ದದ್ದನ್ನ ಜನ ನೋಡಿದ್ರಂತೆ. ಕಚ್ಚಿದ ಗುರುತು ಸಾಯೋ ತನಕ ಇತ್ತಂತೆ.

ಎರಡನೆಯದಾಗಿ ಜೋಗುಳ ಹಾಡೋ ಹೆಂಗಸರು ಒಂದು ಗಾಡಿ ತುಂಬ ಬಂದ್ರು. ತಾಳ ಏನು, ಗೆಜ್ಜೆ ಏನು, ಗಳಿಗೆಗೊಂದು ಹೊಸ ಹಾಡು. ಚಿನ್ನಾಜಿ ಕಿವಿ ಮುಚ್ಕೊಂಡು ಅವರು ನಿಲ್ಲಿಸಿದ ಕಡೆ ಕೊನೇ ಮಾತು ಹಿಡ್ಕೊಂಡ್ಲು, ಜೋ ಜೋ ಜೋ ಜೋ. ಅವರಿಗಿಂತ ಗಟ್ಟಿಯಾಗಿ. ಬೆಳಗಾಗೋ ಹೊತ್ತಿಗೆ ಗಾಡಿ ತುಂಬ ಹೆಂಗಸರ ಗಂಟಲು ಕಟ್ಟಿಹೋಗಿತ್ತು, ಇವಳ ಜೋ ಮಾತ್ರ ಇನ್ನೂ ನಡೀತಿತ್ತು.

ಮೂರನೆಯವನು ಅವಳ ಸೋದರಮಾವ ಭರಮಣ್ಣ, ಜಟ್ಟಿ. ಭಾವಾ, ಮಗುವನ್ನ ದಣಿಸಬೇಕು ಭಾವಾ, ಔಷಧಿ ಹಾಡು ಎಲ್ಲಾ ಹೆಂಗಸರ ಕೆಲಸ ಅಂದ. ಅವಳನ್ನ ಕರ್ಕೊಂಡು ಕೋಟೆಗೋಡೆ ಸುತ್ತೋಕೆ ಹೊರಟ. ಸುತ್ತೋದು ಅಂದ್ರೆ ಅವಳಿಗೆ ಇಷ್ಟ, ನಡೆದೇ ನಡೆದ್ಲು. ಭರಮಣ್ಣ ನಡೀತಾ ನಡೀತಾ ನಿದ್ದೆ ಹೋಗಿ ಕುದುರೆ ನೀರು ಕುಡಿಯೋ ತೊಟ್ಟಿಗೆ ಬಿದ್ದ, ಮಗುವಿಗಿಂತ ಮೊದಲು ಮಲಗಿದ ತಪ್ಪಿಗೆ ಅವನಿಗೆ ಛೀಮಾರಿ ಬೇರೆ ಆಯ್ತು. ಆದ್ರೆ ನಿಜ ಹೇಳಬೇಕು, ಅವತ್ತು ಚಿನ್ನಾಜಿ ಮನೆಗೆ ಬಂದು ರಾಗಿ ಮೂಟೆಗೂ ಗೋಡೆಗೂ ನಡುವಿನ ಸಂದಿಯಲ್ಲಿ ನುಸುಳಿಕೊಂಡು ನಿಜವಾಗ್ಲೂ ಮಲಗಿಬಿಟ್ಲು! ನಾಗತಿಗೆ ಕಣ್ಣಲ್ಲಿ ನೀರು ಬಂತು. ದೀಪ ಆರಿಸಿದ್ರು. ಬುರುಜಿನ ಮೇಲೆ ಕಾಳ, ಎಷ್ಟು ದಿನದ ಮೇಲೆ ಇಷ್ಟು ಬೇಗ ಅಂತ ಖುಷಿ ತಡೀಲಾರದೆ, ಎಂದಿಗಿಂತ ಎರಡು ಪಟ್ಟು ಜೋರಾಗಿ ಊದಿದ.

ಹೇಳಿದೆನಲ್ಲೋ, ಕಾಳನಿಗಿಂತ ಒಂದು ಗೇಣು ಉದ್ದ. ಎಷ್ಟು ಸಲ ಕೇಳ್ತೀಯ?

ಆಮೇಲೆ ಜನ ಚಾವಡಿಗೆ ನುಗ್ಗಿದ್ರು. ಮುಂದಾಳು ತಿಪ್ಪೇಗೌಡ, ಊರಿನ ಹಿರಿಯ, ಕಟ್ಟಳೆ ಅಂದ್ರೆ ಪ್ರಾಣ ಬಿಡೋನು. ಅವನು ಹೇಳಿದ್ನಂತೆ, ಬುದ್ಧೀ, ಕಟ್ಟಳೆ ಬಿಡೋ ಹಾಗಿಲ್ಲ, ಆದ್ರೆ ಕಟ್ಟಳೆ ಇರೋದು ಅರಮನೆಯ ಕೊನೇ ಕೂಸಿಗೆ. ಚಿನ್ನಾಜಮ್ಮನ್ನ ಬೆಟ್ಟದ ಕಾವಲುಮನೆಗೆ ಕಳಿಸಿಬಿಡಿ. ಆಗ ಎರಡನೇ ಮಗಳೇ ಕೊನೆಯವಳಾಗ್ತಾಳೆ. ಅವಳು ದೀಪ ಹಚ್ಚಿದ್ರೆ ಮಲಗ್ತಾಳೆ, ನಾವೂ ಮಲಗ್ತೀವಿ. ಜನ ಹೌದು ಹೌದು ಅಂದ್ರು. ದೊರೆಗೂ ಎಷ್ಟೋ ತಿಂಗಳಿಂದ ನಿದ್ದೆ ಇಲ್ಲ, ತಲೆಯಲ್ಲಿ ಹತ್ತಿ ತುಂಬಿದ ಹಾಗಾಗಿತ್ತು. ನಾಳೆ ಬೆಳಿಗ್ಗೆ ಪಲ್ಲಕ್ಕಿ ಬರಲಿ ಅಂದುಬಿಟ್ಟ.

ನಾಗತಿ ಒಳಗಿಂದ ಬಂದ್ಲು. ಬೆಟ್ಟದ ಮೇಲೆ ಅವಳ ತಲೆ ಬಾಚೋರು ಯಾರು, ತಟ್ಟೆಯಲ್ಲಿ ಅನ್ನಕ್ಕೆ ಸಾರು ತಾಗಬಾರದು ಅಂತ ಗೊತ್ತಿರೋರು ಯಾರು, ಅವಳು ಅತ್ರೆ ಯಾಕೆ ಅಂತ ತಿಳಿಯೋರು ಯಾರು ಅಂತ ಕೇಳಿದ್ಲು. ಕಾವಲುಗಾರರು ಇದ್ದಾರಲ್ಲ ತಾಯೀ ಅಂದ ತಿಪ್ಪೇಗೌಡ. ನಿನ್ನ ಮೊಮ್ಮಗುವನ್ನ ಕಳಿಸ್ತೀಯೇನೋ ಮುದುಕಪ್ಪಾ ಅಂದ್ಲು ನಾಗತಿ. ಅವನು ನೆಲ ನೋಡಿದ. ಆದ್ರೂ ಮಾತು ಹಿಂದೆ ತಗೊಳ್ಳಲಿಲ್ಲ.

ಅವತ್ತು ಸಂಜೆ ನಾಗತಿಗೆ ಸಿಟ್ಟು ನೆತ್ತಿಗೇರಿತ್ತಂತೆ. ಗಂಡನ ಮೇಲೆ ಸಿಟ್ಟು, ಊರಿನ ಮೇಲೆ ಸಿಟ್ಟು, ಸುಳ್ಳು ಯಾಕೆ, ಮಗಳ ಮೇಲೂ ಸಿಟ್ಟು. ಒಂದು ರಾತ್ರಿ, ಒಂದೇ ಒಂದು ರಾತ್ರಿ ಮಲಗಬಾರದಾಗಿತ್ತೇನೇ ಅಂತ ಮಗಳ ಮುಂದೆ ಕೂತು ಅತ್ಲು. ಮಗಳು ಬೀಜ ಜೋಡಿಸ್ತಾನೇ ಇದ್ಲು. ಅರಮನೆ ದಾದಿ ದ್ಯಾವಕ್ಕ ಅಲ್ಲೇ ಇದ್ಲು. ಆ ದ್ಯಾವಕ್ಕ ನಮ್ಮೂರಿನವಳು, ತಿಳ್ಕೋ. ಅದಕ್ಕೇ ಅವಳಿಗೆ ತಲೆ ಇತ್ತು. ಅವಳು ಹೇಳಿದ್ಲಂತೆ, ಅವ್ವಾರೇ, ಈ ಮಗು ಮಲಗದೇ ಇರೋದು ಒಂದು ಕಷ್ಟ, ಮಲಗಿದ ಮೇಲೆ ನಾವೇ ಎಬ್ಬಿಸೋದು ಇನ್ನೊಂದು ಕಷ್ಟ. ಮೊದಲನೆಯದು ನನ್ನ ಕೈಯಲ್ಲಿಲ್ಲ. ಎರಡನೆಯದಕ್ಕೆ ಒಂದು ಮುದ್ದೆ ಸಾಕು.

ಎಂಥಾ ಮುದ್ದೆ ಅಂದ್ರೆ, ನಮ್ಮೂರ ಮುದ್ದೆ! ಗೋಡೆಗೆ ಎಸೆದ್ರೆ ಗೋಡೆ ಬಿರಿಯಬೇಕು, ಮುದ್ದೆಗೆ ಒಂದು ಗೆರೆ ಬೀಳಬಾರದು. ಬೇರೆ ಊರವರು ಮಾಡೋದು ಮುದ್ದೆಯಲ್ಲ, ಅಂಬಲಿ. ಬಿಸಿ ಬಿಸಿ ಮುದ್ದೆ ಸೆರಗಲ್ಲಿ ಕಟ್ಕೊಂಡು ದ್ಯಾವಕ್ಕ ಬುರುಜು ಹತ್ತಿದ್ಲು. ಕಾಳ ಕೂತಲ್ಲೇ ತೂಕಡಿಸ್ತಿದ್ದ. ಕೊಂಬಿನ ಬಾಯಿಗೆ ಮುದ್ದೆ ತುರುಕಿದ್ಲು, ಕೈ ಹೋಗೋವಷ್ಟು ದೂರ ಒತ್ತಿದ್ಲು, ಇಳಿದು ಬಂದ್ಲು.

ಇತ್ತ ನಾಗತಿ ಕೋಣೆಯಲ್ಲಿದ್ದ ಬೀಸಣಿಗೆಯವರು, ಹಾಡೋರು, ನೋಡೋಕೆ ಬಂದೋರು ಎಲ್ಲರನ್ನೂ ಆಚೆ ಅಟ್ಟಿದ್ಲು. ಮಗಳು ಇನ್ನೂ ಕಣ್ಣು ಪಿಳಿಪಿಳಿ ಬಿಡ್ತಿರುವಾಗಲೇ ದೀಪ ಆರಿಸಿಬಿಟ್ಲು. ಆಮೇಲೆ ಆ ಕೋಟೆಯಲ್ಲಿ ಯಾರೂ ಮಾಡದ ಕೆಲಸ ಮಾಡಿದ್ಲು. ಚಾಪೆ ಬಿಚ್ಚಿ, ಮಗುವಿಗಿಂತ ಮುಂಚೆ ತಾನು ಮಲಗಿದ್ಲು. ನೀನು ಮಲಗದಿದ್ರೆ ಬಿಡು ತಾಯೀ, ನನ್ನ ಕೈಲಿ ಆಗೋದಿಲ್ಲ ಅಂದ್ಲಂತೆ, ಗೋಡೆ ಕಡೆ ಬೆನ್ನು ತಿರುಗಿಸಿದ್ಲಂತೆ.

ದೀಪ ಆರಿದ್ದು ಕಂಡು ಕಾಳ ಕೊಂಬೆತ್ತಿ ಊದಿದ. ಸದ್ದಿಲ್ಲ. ಕೆನ್ನೆ ಬೂದುಗುಂಬಳ ಆಯ್ತು, ಕಣ್ಣು ಆಚೆ ಬಂತು, ಸದ್ದಿಲ್ಲ. ಬೀದಿಯಲ್ಲಿ ಜನ ಸುತ್ತಿದ ಚಾಪೆ ಕಂಕುಳಲ್ಲಿ ಇಟ್ಕೊಂಡು ಕೊಂಬಿಗೆ ಕಾಯ್ತಾ ನಿಂತ್ರು. ಕೊಂಬಿನ ಸದ್ದು ತಪ್ಪಿಹೋದೀತು ಅಂತ ಯಾರೂ ಮಾತಾಡಲಿಲ್ಲ, ಯಾರೂ ಕೂಗಲಿಲ್ಲ. ನಿಂತವರು ಗೋಡೆಗೆ ಒರಗಿದ್ರು, ಒರಗಿದವರು ಕೂತ್ರು, ಕೂತವರು ಉರುಳಿದ್ರು. ಎಣ್ಣೆ ಮುಗಿದು ಬೀದಿ ದೀಪಗಳೂ ಆರಿಹೋದ್ವು. ಆ ಕೋಟೆ ಎಷ್ಟೋ ತಿಂಗಳ ಮೇಲೆ ಕತ್ತಲಾಯ್ತು, ತಣ್ಣಗಾಯ್ತು. ಚಿನ್ನಾಜಿ ಹಜಾರದ ಕಂಬಗಳನ್ನೆಲ್ಲ ಮುಟ್ಟಿ ಬಂದ್ಲು. ಯಾರೂ ಹಿಂದೆ ಬರಲಿಲ್ಲ. ಇನ್ನೊಂದು ಸುತ್ತು ಬಂದ್ಲು. ಆಮೇಲೆ ಅಮ್ಮನ ಬೆನ್ನಿಗೂ ಗೋಡೆಗೂ ನಡುವೆ ತೂರಿಕೊಂಡು, ಒತ್ತಿಕೊಂಡು, ಮಲಗಿಬಿಟ್ಲಂತೆ.

ಮಾರನೇ ದಿನ ಸೂರ್ಯ ನೆತ್ತಿ ಹತ್ತಿರ ಬಂದ ಮೇಲೆ, ಹಾಲು ಕರೆಯದ ಹಸುಗಳ ಕೂಗಿಗೆ ಊರು ಎದ್ದಿತು. ಪಲ್ಲಕ್ಕಿ ಹೊರೋರು ಪಲ್ಲಕ್ಕಿ ಒಳಗೇ ಒಬ್ಬರ ಮೇಲೊಬ್ಬರು ಬಿದ್ದಿದ್ರಂತೆ. ತಿಪ್ಪೇಗೌಡ ದಡಬಡ ಚಾವಡಿಗೆ ಬಂದು ಕೂಗಾಡಿದ, ಕೊಂಬು ಊದದೆ ಯಾರು ಮಲಗಿದ್ದು, ಕಟ್ಟಳೆ ಮುರಿದವರು ಯಾರು, ಅವರಿಗೆ ಬೆಟ್ಟವೇ ಗತಿ ಅಂತ. ಅವನ ಕೆನ್ನೆ ಮೇಲೆ ಚಾಪೆಯ ಗೆರೆ ಅಚ್ಚೊತ್ತಿದ ಹಾಗೆ ಮೂಡಿತ್ತು. ಜನ ನಕ್ಕರು. ನಗೋರ ಕೆನ್ನೆ ಮೇಲೂ ಗೆರೆ ಇತ್ತು. ದೊರೆ ಮೆಲ್ಲಗೆ ತನ್ನ ಕೆನ್ನೆ ಸವರಿಕೊಂಡ.

ನಾಗತಿ ಬಂದು ಬಾಗಿಲಲ್ಲಿ ನಿಂತ್ಲು. ಮುದ್ದೆ ಹಾಕಿಸಿದ್ದು ನಾನು, ಮೊದಲು ಮಲಗಿದ್ದೂ ನಾನು ಅಂದ್ಲು. ನನ್ನನ್ನೇ ಮೊದಲು ಬೆಟ್ಟಕ್ಕೆ ಕಳಿಸಿ. ನನ್ನ ಹಿಂದೆ ದೊರೆ ಬರಲಿ, ಅವರ ಹಿಂದೆ ಗೌಡ ಬರಲಿ, ಅವನ ಹಿಂದೆ ಊರು ಬರಲಿ. ಕಟ್ಟಳೆ ಮುರಿಯದೆ ಇರೋಳು ಈ ಕೋಟೆಯಲ್ಲಿ ಒಬ್ಬಳೇ, ಎಲ್ಲರೂ ಮಲಗಿದ ಮೇಲೆ ಮಲಗಿದೋಳು. ಅವಳು ಇನ್ನೂ ಒಳಗೆ ಮಲಗಿದ್ದಾಳೆ. ಪಲ್ಲಕ್ಕಿ ಎತ್ತಿ, ಆದ್ರೆ ಮೆಲ್ಲಗೆ. ಸದ್ದು ಮಾಡಿದ್ರೆ ನಿಮ್ಮ ಕಾಲು ಮುರೀತೀನಿ ಅಂದ್ಲಂತೆ.

ಯಾರೂ ಪಲ್ಲಕ್ಕಿ ಮುಟ್ಟಲಿಲ್ಲ. ಆಗಲೇ ಕೆಲವರು ತುದಿಗಾಲಲ್ಲಿ ನಡೆಯೋಕೆ ಶುರುಮಾಡಿದ್ರಂತೆ. ದೊರೆ, ನಿದ್ದೆ ಮಾಡಿದ ಮೇಲೆ ನನಗೆ ಬುದ್ಧಿ ಬಂತು ನಾಗತೀ, ನನ್ನ ಮಗಳು ನನ್ನ ಮನೇಲೇ ಇರ್ತಾಳೆ, ಇನ್ನು ನಿದ್ದೆ ಬಂದವರು ಮಲಗಲಿ ಅಂತ ಅಪ್ಪಣೆ ಕೊಟ್ಟ. ಕೊಂಬನ್ನ ಕಳಚಿ ಉಗ್ರಾಣಕ್ಕೆ ಹಾಕಿದ್ರು. ಹಾಕದೆ ಏನು, ನಮ್ಮೂರ ಮುದ್ದೆ ಒಣಗಿದ ಮೇಲೆ ಉಳಿ ಹಾಕಿದ್ರೂ ಬರಲಿಲ್ಲವಂತೆ.

ಎಷ್ಟುದ್ದ ಅಂತ ನೀನೇ ಹೇಳು ಈಗ. ಹಾಂ. ಒಂದು ಗೇಣು. ಸರಿ.

ಆಮೇಲೆ ಅವಳು ದಿನಾ ಮಲಗ್ತಿದ್ಲಾ ಅಂದ್ರೆ, ಇಲ್ಲಪ್ಪ. ಮಾರನೇ ರಾತ್ರಿಯೇ ಎದ್ದು ಓಡಾಡಿದ್ಲು. ದೊಡ್ಡವಳಾಗಿ ಲಂಗ ದಾವಣಿ ಉಟ್ಟ ಮೇಲೂ ಎಷ್ಟೋ ರಾತ್ರಿ ಎದ್ದಿರ್ತಿದ್ಲು. ಆದ್ರೆ ದಿನಾ ಅದೇ ಹೊತ್ತಿಗೆ ಊಟ, ಅದೇ ಚಾಪೆ, ಅದೇ ಮೂಲೆ, ಮಂದ ದೀಪ, ಅಂತ ನಾಗತಿ ಹಿಡಿದು ನಡೆಸಿದ್ಲು, ಅದರಿಂದ ಒಳ್ಳೇ ರಾತ್ರಿಗಳು ಹೆಚ್ಚಾದ್ವು, ಕೆಟ್ಟ ರಾತ್ರಿಗಳು ಕಮ್ಮಿಯಾದ್ವು. ಕೆಟ್ಟ ರಾತ್ರಿಯಲ್ಲಿ ಒಬ್ಬರು ಮಾತ್ರ ಏಳ್ತಿದ್ರು, ಒಂದು ದಿನ ಅಮ್ಮ, ಒಂದು ದಿನ ದ್ಯಾವಕ್ಕ, ಒಂದು ದಿನ ದೊರೆ. ದೊರೆ ಗೊಣಗ್ತಾ ಗೊಣಗ್ತಾ ಎದ್ದು ಮಗಳ ಹಿಂದೆ ಕಂಬ ಮುಟ್ಕೊಂಡು ನಡೀತಿದ್ನಂತೆ, ಅವನು ಒಂದು ಕಂಬ ತಪ್ಪಿಸಿದ್ರೆ ಅವಳು ನಿಂತು ಕಾಯ್ತಿದ್ಲಂತೆ. ಮಿಕ್ಕ ಕೋಟೆ ಗೊರಕೆ ಹೊಡೀತಾ ಸುಖವಾಗಿತ್ತಂತೆ.

ಅಲ್ಲಿಗೆ ಅವರ ಕತೆ ಮುಗೀತು, ನನ್ನ ಬಾಯಿ ಒಣಗಿತು. ನೀನಿನ್ನೂ ಕಣ್ಣು ಬಿಟ್ಕೊಂಡಿದ್ದೀಯ, ನನಗೆ ಗೊತ್ತು. ಬಿಟ್ಕೋ. ನೀರಿನ ಚೊಂಬು ತಲೆ ಹತ್ರ ಇದೆ, ಬಾಗಿಲ ಅಗುಳಿ ಮಾತ್ರ ಮುಟ್ಟಬೇಡ, ಭಯ ಆದ್ರೆ ನನ್ನ ಎಬ್ಬಿಸು. ಕಾಲು ಬೇಕಾದ್ರೆ ಮೇಲೆ ಹಾಕ್ಕೋ, ಹೋಗ್ಲಿ. ನಾನು ಮಲಗಿದೆ.